ಕರುವಿನ ಹೊಟ್ಟೆಗೆ ಯಾವ ಸೂಕ್ಷ್ಮಾಣು? ಪೊಟ್ಟಣ ಹೇಳುವುದಿಲ್ಲ

ಪಶು ಆಹಾರದ ಅಂಗಡಿಗಳಲ್ಲಿ ಹಿಂಡಿ, ಬೂಸಾ, ಖನಿಜ ಮಿಶ್ರಣದ ಸಾಲಿಗೆ ಈಗ ಇನ್ನೊಂದು ಸರಕು ಸೇರಿಕೊಂಡಿದೆ. ಬಣ್ಣದ ಪೊಟ್ಟಣ, ಮೇಲೆ ತುಂಬು ಕೆಚ್ಚಲಿನ ಎಚ್‌ಎಫ್ ಹಸುವಿನ ಚಿತ್ರ, ದೊಡ್ಡ ಅಕ್ಷರದಲ್ಲಿ ‘ಪ್ರೋಬಯಾಟಿಕ್’. ಕರು ಬೇಗ ಬೆಳೆಯುತ್ತೆ, ಭೇದಿ ನಿಲ್ಲುತ್ತೆ, ಹಾಲು ಹೆಚ್ಚುತ್ತೆ, ರೋಗನಿರೋಧಕ ಶಕ್ತಿ ಬರುತ್ತೆ. ಒಂದೇ ಪೊಟ್ಟಣ, ನಾಲ್ಕು ಭರವಸೆ. ಕೊಳ್ಳಲು ಬಂದ ರೈತ ಕೇಳುವುದು ಮಾತ್ರ ಒಂದೇ ಪ್ರಶ್ನೆ: ‘ಇದ್ನ ಹಾಕಿದ್ರ ಹಾಲ್ ಎಷ್ಟ್ ಹೆಚ್ಚಿಗಿ ಆಗ್ತದ್ರೀ?’

ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಅದು ಪೊಟ್ಟಣದ ಮೇಲೆ ಇರುವುದಿಲ್ಲ. ಯಾಕೆ ಇರುವುದಿಲ್ಲ ಅನ್ನೋದೇ ಈ ಬರಹದ ವಿಷಯ.

ಸಿಂದಗಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಆಲಮೇಲವನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡೋಣ. ಒಂದು ಕಡೆ ಭೀಮಾ ನದಿ, ಆಚೆ ದಂಡೆ ದಾಟಿದರೆ ಮಹಾರಾಷ್ಟ್ರ ದೂರವಿಲ್ಲ. ಬಿಳಿಜೋಳ, ತೊಗರಿಯ ಕಪ್ಪು ನೆಲ. ನೀರು ಸಿಕ್ಕಲ್ಲೆಲ್ಲ ಕಬ್ಬು, ಅದರ ಹಿಂದೆ ಸಕ್ಕರೆ ಕಾರ್ಖಾನೆ. ದನಗಳ ಮಟ್ಟಿಗೆ ಇದರ ಅರ್ಥ ಇಷ್ಟು: ಮೊದಲು ಕೊಟ್ಟಿಗೆಗೆ ಬರುತ್ತಿದ್ದದ್ದು ಜೋಳದ ಕಣಿಕೆ ಮತ್ತು ತೊಗರಿ ಹೊಟ್ಟು, ಈಗ ಕಬ್ಬು ಕಡಿಯುವ ತಿಂಗಳುಗಳಲ್ಲಿ ಹಸಿ ಸೋಗೆಯೇ ಮುಖ್ಯ ಮೇವು. ಕಿಲಾರಿ ಎತ್ತುಗಳ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ, ಅದರ ಪಕ್ಕದಲ್ಲಿ ಒಂದೋ ಎರಡೋ ಮಿಶ್ರತಳಿ ಹಸು, ಒಂದು ಎಮ್ಮೆ. ಮೇವು ಬದಲಾಯ್ತು, ದನದ ತಳಿ ಬದಲಾಯ್ತು. ಹೊಟ್ಟೆಯೊಳಗಿನ ಲೋಕ ಬದಲಾಗದೆ ಇರುತ್ತಾ?

ಮೊದಲು ವ್ಯಾಖ್ಯೆ ಮುಗಿಸಿಬಿಡೋಣ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ ಹೇಳಿದ್ದು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್. ಇದರಲ್ಲಿ ಮೂರು ಷರತ್ತುಗಳಿವೆ. ಜೀವಂತ ಇರಬೇಕು. ಸಾಕಷ್ಟು ಇರಬೇಕು. ಲಾಭ ಸಾಬೀತಾಗಿರಬೇಕು. ಮೊಸರು ತಿಂದರೆ ಆಯಸ್ಸು ಹೆಚ್ಚುತ್ತೆ ಅಂತ ರಷ್ಯಾ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1907ರಲ್ಲೇ ಬರೆದಿದ್ದರು, ಮರುವರ್ಷ ಅವರಿಗೆ ನೊಬೆಲ್ ಬಂತು (ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಕುರಿತ ಬೇರೆ ಕೆಲಸಕ್ಕೆ). ಅಂದಿನಿಂದ ಇಂದಿನವರೆಗೆ ಈ ಮಾರುಕಟ್ಟೆಯಲ್ಲಿ ಮೂರನೇ ಷರತ್ತನ್ನು ಮೊದಲೇ ಘೋಷಿಸಿ, ಮೊದಲೆರಡನ್ನು ಮರೆತುಬಿಡುವ ಚಾಳಿ ಇದೆ.

ಒಂದು ಲಕ್ಷ ಜನರ ಊರಿಗೆ ಒಬ್ಬ ಹೊಸಬ

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕ ಹಾಕದೆ ಸಮಾಧಾನ ಇಲ್ಲ. ದೊಡ್ಡ ಹಸುವಿನ ಮೊದಲ ಹೊಟ್ಟೆ, ಅಂದರೆ ರೂಮೆನ್, ಸುಮಾರು 100 ಲೀಟರಿನ ಹುದುಗು ತೊಟ್ಟಿ. ಅದರ ಒಂದೊಂದು ಮಿಲಿ ಲೀಟರಿನಲ್ಲಿ ಕಡಿಮೆ ಅಂದರೂ ಸಾವಿರ ಕೋಟಿ ಬ್ಯಾಕ್ಟೀರಿಯಾ. ಒಟ್ಟು ಹತ್ತು ಕೋಟಿ ಕೋಟಿ. ಕಣಿಕೆಯಂಥ ಗಟ್ಟಿ ನಾರನ್ನು ಹಸು ಜೀರ್ಣಿಸುತ್ತದೆ ಅಂತೀವಲ್ಲ, ನಿಜವಾಗಿ ಜೀರ್ಣಿಸುವುದು ಇವು. ಹಸು ಆಮೇಲೆ ಇವುಗಳ ಉತ್ಪನ್ನವನ್ನೂ ಇವುಗಳನ್ನೂ ತಿಂದು ಬದುಕುತ್ತದೆ.

ಈಗ ಒಂದು ದಿನದ ಪೊಟ್ಟಣದಲ್ಲಿ ಸಾವಿರ ಕೋಟಿ ಬ್ಯಾಕ್ಟೀರಿಯಾ ಇದೆ ಅಂದುಕೊಳ್ಳಿ. ಕೇಳಲು ಭಾರಿ ಸಂಖ್ಯೆ. ಆದರೆ ಭಾಗಿಸಿ ನೋಡಿ: ಲಕ್ಷಕ್ಕೆ ಒಂದು. ಲಕ್ಷ ಜನರಿರುವ ಊರಿಗೆ ಒಬ್ಬ ಹೊಸಬ ಬಂದ ಹಾಗೆ. ಆತ ಊರನ್ನೇ ಬದಲಿಸುತ್ತಾನೆ ಅಂದರೆ ನಂಬುವುದು ಕಷ್ಟ. ಅದರಲ್ಲೂ ಬಹಳಷ್ಟು ಲ್ಯಾಕ್ಟೋಬ್ಯಾಸಿಲಸ್‌ಗಳು ರೂಮೆನ್‌ನಲ್ಲಿ ನೆಲೆ ಊರುವ ಜಾತಿಯವಲ್ಲ, ಬಂದ ದಾರಿಯಲ್ಲೇ ಹೊರಟುಹೋಗುತ್ತವೆ.

ಹಾಗಂತ ಇಡೀ ಕಥೆ ಬೊಗಳೆ ಅನ್ನುವಂತಿಲ್ಲ. ಈ ಲೆಕ್ಕ ಬೆಳೆದ ಹಸುವಿನದು. ಹುಟ್ಟಿದ ಕರುವಿನ ಊರು ಇನ್ನೂ ಖಾಲಿ.

ಕರು ಹುಟ್ಟುವಾಗ ಅದರ ರೂಮೆನ್ ಚಿಕ್ಕದು, ಕೆಲಸ ಮಾಡುತ್ತಿರುವುದಿಲ್ಲ. ಕುಡಿದ ಹಾಲು ಒಂದು ಕಾಲುವೆಯಂಥ ಮಡಿಕೆಯ ಮೂಲಕ ರೂಮೆನ್ ತಪ್ಪಿಸಿ ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಅಂದರೆ ಮೊದಲ ವಾರಗಳಲ್ಲಿ ಕರು ಹೆಚ್ಚುಕಡಿಮೆ ನಮ್ಮಂತೆಯೇ ಒಂದು ಹೊಟ್ಟೆಯ ಪ್ರಾಣಿ. ಅದರ ಕರುಳಿನಲ್ಲಿ ಮೊದಲು ಯಾರು ಜಾಗ ಹಿಡಿಯುತ್ತಾರೆ ಅನ್ನೋದರ ಮೇಲೆ ಬಿಳಿ ಭೇದಿ ಬರುತ್ತೋ ಇಲ್ಲವೋ ಅನ್ನೋದು ಸ್ವಲ್ಪ ಮಟ್ಟಿಗೆ ನಿಂತಿದೆ. ಇಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗೆ ಕೆಲಸ ಇದೆ: ಆಮ್ಲ ಮಾಡಿ ಇ-ಕೋಲೈನಂಥವುಗಳಿಗೆ ಇರಸುಮುರಸು ಮಾಡುವುದು, ಕರುಳಿನ ಗೋಡೆಯಲ್ಲಿ ಅವುಗಳಿಗೆ ಜಾಗ ಸಿಗದಂತೆ ನೋಡಿಕೊಳ್ಳುವುದು.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮುರ್ರಾ ಎಮ್ಮೆ ಕರುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಆಸಿಡೋಫಿಲಸ್‌ನಿಂದ ಹುದುಗಿಸಿದ ಹಾಲು ಕೊಟ್ಟು ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಕರುಗಳ ಬೆಳವಣಿಗೆ ಸುಧಾರಿಸಿತು, ಭೇದಿ ಕಡಿಮೆಯಾಯಿತು. (ಈ ಸಂಸ್ಥೆ ಮೂಲತಃ ನಮ್ಮದೇ. 1923ರಲ್ಲಿ ಬೆಂಗಳೂರಿನಲ್ಲಿ ಶುರುವಾಯ್ತು, 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹೈನುಗಾರಿಕೆ ಕಲಿತರು, 1955ರಲ್ಲಿ ಕರ್ನಾಲ್‌ಗೆ ಹೋಯ್ತು. ಆಡುಗೋಡಿಯಲ್ಲಿ ಅದರ ದಕ್ಷಿಣ ಕೇಂದ್ರ ಈಗಲೂ ಇದೆ.) ಮುಖ್ಯ ಮಾತೆಂದರೆ ಇಲ್ಲಿ ಕೊಟ್ಟದ್ದು ಗೊತ್ತಿರುವ ಒಂದು ಬ್ಯಾಕ್ಟೀರಿಯಾ, ಗೊತ್ತಿರುವ ಪ್ರಮಾಣ, ತಾಜಾ ಹುದುಗಿಸಿದ ಹಾಲಿನಲ್ಲಿ. ಆರು ತಿಂಗಳಿಂದ ಅಂಗಡಿಯ ಶೆಲ್ಫ್ ಮೇಲೆ ಕೂತ ಪುಡಿ ಅಲ್ಲ.

ಒಂದೊಂದೇ ಪ್ರಯೋಗ ನೋಡಿ ಮೋಸ ಹೋಗಬಾರದು, ಎಲ್ಲವನ್ನೂ ಒಟ್ಟು ಹಾಕಿ ತೂಗಿ ನೋಡಬೇಕು. ಆ ಕೆಲಸವನ್ನು ಅರ್ಜೆಂಟೀನಾದ ಸಂಶೋಧಕರ ಗುಂಪೊಂದು ಮಾಡಿ 2011 ಮತ್ತು 2012ರಲ್ಲಿ ಪ್ರಕಟಿಸಿತು. ಸಿಕ್ಕಿದ್ದು ವಿಚಿತ್ರ ಚಿತ್ರ. ಹಾಲಿನ ಪುಡಿಯಿಂದ ಮಾಡಿದ ಬದಲಿ ಹಾಲು ಕುಡಿದ ಕರುಗಳಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತೂಕ ಹೆಚ್ಚಿಸಿತು, ನಿಜವಾದ ಹಾಲು ಕುಡಿದ ಕರುಗಳಲ್ಲಿ ತೂಕದ ಲಾಭ ಕಾಣಲಿಲ್ಲ. ಭೇದಿಯ ವಿಷಯದಲ್ಲಿ ಉಲ್ಟಾ: ಲಾಭ ಕಂಡದ್ದು ನಿಜವಾದ ಹಾಲು ಕುಡಿದ ಕರುಗಳಲ್ಲಿ. ಆಲಮೇಲದ ಕರು ಕುಡಿಯುವುದು ತಾಯಿ ಹಾಲು. ಹಾಗಾದರೆ ಇಲ್ಲಿ ಪ್ರೋಬಯಾಟಿಕ್‌ನಿಂದ ನಿರೀಕ್ಷಿಸಬಹುದಾದದ್ದು ಭೇದಿ ತಗ್ಗುವುದನ್ನ, ‘ದುಪ್ಪಟ್ಟು ಬೆಳವಣಿಗೆ’ಯನ್ನಲ್ಲ. ಹಾಗೆಯೇ ಭೇದಿ ಹತ್ತಿದ ಮೇಲೆ ಕರು ಸಾಯುವುದು ಹೆಚ್ಚಾಗಿ ನೀರು ಮತ್ತು ಲವಣ ಕಳೆದುಕೊಂಡು. ಆ ಹೊತ್ತಿಗೆ ಬೇಕಿರುವುದು ಓಆರ್‌ಎಸ್ ಮತ್ತು ವೈದ್ಯರು, ಪುಡಿ ಅಲ್ಲ. ಪಶುಪಾಲಕರ ಉಚಿತ ಸಹಾಯವಾಣಿ 1962 ಇರುವುದು ಇದಕ್ಕೇ.

ಗಿಣ್ಣದ ಪಾಲು

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ, ಅದು ಯಾವ ಪೊಟ್ಟಣದ ಮೇಲೂ ಇರಲ್ಲ. ಮನುಷ್ಯ ಮಗುವಿಗೆ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ದಾಟಿ ಬರುತ್ತವೆ. ಕರುವಿಗೆ ಬರುವುದಿಲ್ಲ. ಅದು ಹುಟ್ಟುವುದೇ ಕಾವಲಿಲ್ಲದೆ. ಕಾವಲು ಇರುವುದು ಗಿಣ್ಣದ ಹಾಲಿನಲ್ಲಿ, ಮತ್ತು ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಬಂದು, 24 ಗಂಟೆಗೆ ಪೂರ್ತಿ ಮುಚ್ಚಿಬಿಡುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣ ಬೇಕು. 30 ಕೆಜಿ ಕರುವಿಗೆ 3 ಲೀಟರ್, ಅದರಲ್ಲೂ ಬಹುಪಾಲು ಮೊದಲ ಆರು ಗಂಟೆಯೊಳಗೆ.

ನಮ್ಮಲ್ಲಿ ಏನಾಗುತ್ತೆ? ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಅನ್ನೋ ನಂಬಿಕೆ ಇನ್ನೂ ಅನೇಕ ಕಡೆ ಇದೆ. ಬಿದ್ದ ಮೇಲೆ ಗಿಣ್ಣ ಕಾಸಿ, ಬೆಲ್ಲ ಏಲಕ್ಕಿ ಹಾಕಿ ಓಣಿಗೆಲ್ಲ ಹಂಚುವ ಸಂಭ್ರಮ. ಗಿಣ್ಣ ಯಾರಿಗೆ ಇಷ್ಟ ಇಲ್ಲ ಹೇಳಿ, ನನಗೂ ಇಷ್ಟವೇ. ಮೊದಲ ದಿನದ ಪಾಲನ್ನು ಕರುವಿಗೆ ಬಿಟ್ಟು, ಮಿಕ್ಕದ್ದನ್ನು, ಮರುದಿನದ್ದನ್ನು ತಿಂದರೆ ಯಾರ ತಕರಾರೂ ಇಲ್ಲ. ಆದರೆ ಆ ಆರು ಗಂಟೆ ತಪ್ಪಿಸಿಕೊಂಡು, ಎರಡನೇ ವಾರದಲ್ಲಿ ಭೇದಿ ಶುರುವಾದಾಗ ಪ್ರೋಬಯಾಟಿಕ್ ಕೊಟ್ಟರೆ, ಯಾವ ಸೂಕ್ಷ್ಮಾಣುವೂ ಆ ಕಾವಲನ್ನು ತುಂಬಿಕೊಡುವುದಿಲ್ಲ.

ಇಲ್ಲಿ ಒಂದು ರಾಜಕೀಯ ಸತ್ಯವನ್ನೂ ಹೇಳಬೇಕು. ಮೇಲಿನದೆಲ್ಲ ಹೆಣ್ಣು ಕರುವಿನ ಮಾತು. ಟ್ರ್ಯಾಕ್ಟರ್ ಬಂದ ಮೇಲೆ ಎಚ್‌ಎಫ್ ಗಂಡು ಕರುವಿಗೆ ಉಳುಮೆಯಲ್ಲಿ ಕೆಲಸ ಇಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಅದಕ್ಕೆ ಮಾರುಕಟ್ಟೆಯೂ ಇಲ್ಲ. ಲೀಟರ್ ಹಾಲಿಗೆ ಬೆಲೆ ಇದೆ, ಆ ಹಾಲು ಕುಡಿಯುವ ಗಂಡು ಕರುವಿಗೆ ಇಲ್ಲ. ಹಾಗಾಗಿ ಅದರ ಪಾಲಿನ ಹಾಲು ಮೊದಲು ನಿಲ್ಲುತ್ತದೆ. ಗೋರಕ್ಷಣೆಯ ಭಾಷಣಗಳಲ್ಲಿ ಈ ಹಸಿವಿನ ಪ್ರಸ್ತಾಪ ಬರುವುದನ್ನು ನಾನಂತೂ ಕೇಳಿಲ್ಲ. ಕರುಗಳ ಆರೋಗ್ಯ ಅಂತ ನಾವು ಮಾತಾಡುವಾಗ ಅರ್ಧದಷ್ಟು ಕರುಗಳು ಆ ವಾಕ್ಯದ ಹೊರಗೇ ನಿಂತಿರುತ್ತವೆ.

ಬೆಳೆದ ಹಸುವಿಗೆ ಬ್ರೆಡ್ಡಿನ ಯೀಸ್ಟ್

ಈಗ ಹಾಲಿನ ಪ್ರಶ್ನೆ. ಬೆಳೆದ ಹಸುವಿನ ಮೇಲೆ ಒಂದಿಷ್ಟು ಗಟ್ಟಿ ಆಧಾರ ಇರುವುದು ಯೀಸ್ಟ್‌ಗೆ, ಅಂದರೆ ಸ್ಯಾಕರೊಮೈಸಿಸ್ ಸೆರೆವಿಸಿಯೆಗೆ. ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವುದೂ ಇದೇ ಜಾತಿ. ಲಕ್ಷಕ್ಕೆ ಒಬ್ಬ ಅನ್ನುವ ಲೆಕ್ಕ ಇದಕ್ಕೂ ಅನ್ವಯ ಆಗಬೇಕಲ್ವಾ ಅಂತ ನೀವು ಕೇಳಬಹುದು. ಯೀಸ್ಟ್ ಗೆಲ್ಲುವುದು ಸಂಖ್ಯೆಯಿಂದ ಅಲ್ಲ. ರೂಮೆನ್‌ನ ನಿವಾಸಿಗಳಿಗೆ ಆಮ್ಲಜನಕ ಅಂದರೆ ವಿಷ. ಮೇವಿನ ಜೊತೆ ಒಳಗೆ ನುಗ್ಗುವ ಅಷ್ಟಿಷ್ಟು ಆಮ್ಲಜನಕವನ್ನು ಯೀಸ್ಟ್ ಉಸಿರಾಡಿ ಮುಗಿಸುತ್ತದೆ. ಜೊತೆಗೆ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಪೋಷಕಾಂಶ ಒದಗಿಸಿ ಅವುಗಳನ್ನು ಹುರಿದುಂಬಿಸುತ್ತದೆ. ಊರು ಬದಲಿಸುವ ನಾಯಕ ಅಲ್ಲ, ಚರಂಡಿ ಶುಚಿ ಮಾಡುವ ಪೌರಕಾರ್ಮಿಕ.

2009ರಲ್ಲಿ ಫ್ರಾನ್ಸಿನ ಸಂಶೋಧಕರು ನೂರಕ್ಕೂ ಹೆಚ್ಚು ಪ್ರಬಂಧಗಳ ಅಂಕಿಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಯೀಸ್ಟ್‌ನಿಂದ ಸಿಕ್ಕ ಹೆಚ್ಚುವರಿ ಹಾಲು, ಹಸುವಿನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸರಾಸರಿ 1.2 ಗ್ರಾಂ. 400 ಕೆಜಿ ಹಸುವಿಗೆ 480 ಗ್ರಾಂ, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್. ಅದಕ್ಕಾಗಿ ಹಸು ಒಣ ತೂಕದಲ್ಲಿ ಸುಮಾರು 175 ಗ್ರಾಂ ಮೇವನ್ನೂ ಹೆಚ್ಚಿಗೆ ತಿಂದಿತು. ಲೀಟರಿಗೆ 35 ರೂಪಾಯಿ ಅಂತಿಟ್ಟುಕೊಂಡರೆ ಅರ್ಧ ಲೀಟರಿಗೆ 17 ರೂಪಾಯಿ ಚಿಲ್ಲರೆ. ಇದರಲ್ಲಿ ಹೆಚ್ಚುವರಿ ಆಹಾರದ ಖರ್ಚು ಕಳೆಯಿರಿ, ಪೊಟ್ಟಣದ ಆ ದಿನದ ಬೆಲೆ ಕಳೆಯಿರಿ. ದಿನದ ಡೋಸು 10 ರೂಪಾಯಿ ದಾಟಿದರೆ ಕೈಗೆ ಉಳಿಯುವುದು ಚಹಾದ ದುಡ್ಡು ಮಾತ್ರ. ಅದೂ ಸರಾಸರಿಯ ಲೆಕ್ಕ. ಪ್ರಯೋಗಗಳ ಹಸುಗಳು ಬಹುಪಾಲು ನಮ್ಮ ಕೊಟ್ಟಿಗೆಯ ಹಸುಗಳಂತಲ್ಲ. ದಿನಕ್ಕೆ ನಾಲ್ಕು ಲೀಟರ್ ಕೊಡುವ ಹಸುವಿಗೆ ಇದೇ ಅರ್ಧ ಲೀಟರ್ ಸಿಗುತ್ತೆ ಅಂತ ಎಣಿಸುವುದು ದುರಾಸೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಉಪಯುಕ್ತ ಸಂಗತಿ ಇದೆ. ಆಹಾರದಲ್ಲಿ ಹಿಂಡಿ, ಕಾಳುಗಳ ಪಾಲು ಹೆಚ್ಚಾದಷ್ಟೂ ರೂಮೆನ್‌ನ ಆಮ್ಲತೆಯನ್ನು ತಡೆಯುವಲ್ಲಿ ಯೀಸ್ಟ್‌ನ ಪರಿಣಾಮ ಹೆಚ್ಚು. ಇದಕ್ಕೆ ಕಾರಣ ಸರಳ. ಹಿಟ್ಟು, ಕಾಳು ಹೆಚ್ಚಾದರೆ ರೂಮೆನ್‌ನಲ್ಲಿ ಆಮ್ಲ ರಾಶಿ ಬೀಳುತ್ತೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಹೋಳಿಗೆಯನ್ನ ಪ್ರೀತಿಯಿಂದ ಎಮ್ಮೆಗೆ ಹಾಕಿ ಮರುದಿನ ಡಾಕ್ಟರನ್ನು ಕರೆಸುವುದು ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಕಣಿಕೆಯಂಥ ನಾರು ತಿಂದ ದನ ಮಾತ್ರ ಮೆಲುಕು ಹಾಕುತ್ತಲೇ ಇರುತ್ತದೆ, ಮೆಲುಕು ಹಾಕಿದಷ್ಟೂ ಜೊಲ್ಲು. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ, ಅದರಲ್ಲಿ ನಮ್ಮ ಅಡುಗೆ ಸೋಡಾದ್ದೇ ಅಂಶ. ಆಮ್ಲ ತನ್ನಷ್ಟಕ್ಕೇ ಇಳಿಯುತ್ತದೆ. ಬಣವೆಯಲ್ಲಿ ಮಾಲದಂಡಿ ಜೋಳದ ಕಣಿಕೆ ಇರುವ ಮನೆಗೆ ಯೀಸ್ಟ್ ಪೊಟ್ಟಣದ ಅಗತ್ಯ ಕಡಿಮೆ. ಹೆಚ್ಚು ಹಾಲಿನ ಎಚ್‌ಎಫ್ ಕಟ್ಟಿ, ಚೀಲಗಟ್ಟಲೆ ಆಹಾರ ಸುರಿಯುವವರಿಗೆ, ಅದರಲ್ಲೂ ಕರು ಹಾಕಿದ ಮೊದಲ ತಿಂಗಳುಗಳಲ್ಲಿ, ಅದು ಕೆಲಸಕ್ಕೆ ಬರಬಹುದು.

ಕಬ್ಬಿನ ಸೋಗೆಯದು ಬೇರೆಯೇ ಸಮಸ್ಯೆ. ಅದರಲ್ಲಿ ಪ್ರೋಟೀನ್ ಕಡಿಮೆ, ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ತಿಂಗಳುಗಟ್ಟಲೆ ಸೋಗೆಯನ್ನೇ ತಿಂದ ಹಸು ಸೊರಗಿದರೆ ಅದಕ್ಕೆ ಬೇಕಾದ್ದು ಖನಿಜ ಮಿಶ್ರಣ, ಬೇಳೆಕಾಳಿನ ಹೊಟ್ಟು, ಒಂದಿಷ್ಟು ಹಿಂಡಿ. ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳ ಮೇಲೆ ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ವರ್ಷಗಳಿಂದ ಕೆಲಸ ಮಾಡಿದೆ. ಅದಕ್ಕೆ ಪ್ರೋಬಯಾಟಿಕ್‌ನಷ್ಟು ಗ್ಲಾಮರ್ ಇಲ್ಲ, ಅಷ್ಟೇ.

ಪೊಟ್ಟಣದೊಳಗೆ ಯಾರಾದರೂ ಬದುಕಿದ್ದಾರಾ?

ವ್ಯಾಖ್ಯೆಯ ಮೊದಲ ಷರತ್ತು ನೆನಪಿದೆಯಲ್ಲ, ಜೀವಂತ ಇರಬೇಕು. ವಿಜಯಪುರ ಜಿಲ್ಲೆಯ ಏಪ್ರಿಲ್, ಮೇನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಅಂಗಡಿಯೊಳಗೆ ಇನ್ನೂ ಹೆಚ್ಚು. ಒಣಗಿಸಿದ ಲ್ಯಾಕ್ಟೋಬ್ಯಾಸಿಲಸ್ ಇಂಥ ಬಿಸಿಯಲ್ಲಿ ವಾರದಿಂದ ವಾರಕ್ಕೆ ಸಾಯುತ್ತಾ ಹೋಗುತ್ತದೆ. ಬ್ಯಾಸಿಲಸ್ ಜಾತಿಯವು ಬೀಜಕಗಳಾಗಿ ಇರುವುದರಿಂದ ತಾಳಿಕೊಳ್ಳುತ್ತವೆ. ಯೀಸ್ಟ್ ಮಧ್ಯದಲ್ಲೆಲ್ಲೋ. ಗುಳಿಗೆಯಂಥ ಪಶು ಆಹಾರ ಮಾಡುವಾಗ ಹಬೆಯಲ್ಲಿ 70-80 ಡಿಗ್ರಿಗೆ ಬೇಯಿಸುತ್ತಾರೆ, ಅದರಲ್ಲಿ ಬೆರೆಸಿದ ಲ್ಯಾಕ್ಟೋಬ್ಯಾಸಿಲಸ್‌ನ ಗತಿ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಪೊಟ್ಟಣದಲ್ಲಿ ಯಾವ ಜಾತಿ ಇದೆ ಅನ್ನೋದು ಬರೀ ವಿಜ್ಞಾನಿಗಳ ಕುತೂಹಲ ಅಲ್ಲ. ರೈತನ ದುಡ್ಡು ಜೀವಂತ ಸರಕಿಗೆ ಹೋಯ್ತೋ ಬರೀ ಧೂಳಿಗೆ ಹೋಯ್ತೋ ಅನ್ನೋದು ಅದರ ಮೇಲೆ ನಿಂತಿದೆ.

ನೀವು, ನಾನು ತಿನ್ನುವ ಪ್ರೋಬಯಾಟಿಕ್‌ಗೆ ಭಾರತದಲ್ಲಿ ನಿಯಮ ಇದೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲೇ ಮಾರ್ಗಸೂಚಿ ಹೊರಡಿಸಿದವು: ಜಾತಿ, ಪ್ರಭೇದ ಅಷ್ಟೇ ಅಲ್ಲ, ಯಾವ ತಳಿ ಅನ್ನೋದನ್ನೂ ಬರೆಯಬೇಕು. ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಂತ ಇರುತ್ತವೆ, ಹೇಗೆ ಇಡಬೇಕು ಅಂತ ಹೇಳಬೇಕು. 2016ರಲ್ಲಿ ಎಫ್‌ಎಸ್‌ಎಸ್‌ಎಐ ನಿಯಮಗಳು ಬಂದವು. ಹಸುವಿನ ಪೊಟ್ಟಣಕ್ಕೆ ಇಷ್ಟು ಬಿಗಿಯಾದ ಕಡ್ಡಾಯ ನಿಯಮ ಇಲ್ಲ. ಇಡೀ ಪಶು ಆಹಾರದ ಕಥೆಯೇ ಹಾಗಿದೆ. ವಾಣಿಜ್ಯ ಪಶು ಆಹಾರಕ್ಕೆ ಬಿಐಎಸ್ ಗುರುತು ಇರಲೇಬೇಕು ಅಂತ 2020ರ ಹೊತ್ತಿಗೆ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು, ಆಮೇಲೆ ಜಾರಿಯ ದಿನಾಂಕವನ್ನು ಮುಂದೂಡುತ್ತಾ ಬಂತು.

ಯುರೋಪಿನಲ್ಲಿ 2003ರ ಒಂದೇ ಕಾನೂನು ಎರಡು ಕೆಲಸ ಮಾಡಿತು. ದನ, ಕೋಳಿ ಬೇಗ ಬೆಳೆಯಲಿ ಅಂತ ಆಹಾರದಲ್ಲಿ ಬೆರೆಸುತ್ತಿದ್ದ ಆ್ಯಂಟಿಬಯಾಟಿಕ್‌ಗಳನ್ನು 2006ರ ಜನವರಿ 1ರಿಂದ ನಿಷೇಧಿಸಿತು. ಅವುಗಳ ಜಾಗಕ್ಕೆ ಬರುವ ಪ್ರೋಬಯಾಟಿಕ್‌ಗಳು ಒಂದೊಂದು ತಳಿಗೂ, ಯಾವ ಪ್ರಾಣಿಗೆ ಅಂತ ಹೇಳಿ, ಸುರಕ್ಷತೆ ಮತ್ತು ಪರಿಣಾಮ ಎರಡನ್ನೂ ಪ್ರಯೋಗಗಳಿಂದ ತೋರಿಸಿ ಅನುಮತಿ ಪಡೆಯಬೇಕು ಅಂದಿತು. ಕರುವಿಗೆ ಅನುಮತಿ ಸಿಕ್ಕಿದ್ದು ಹಸುವಿಗೆ ತಾನಾಗಿಯೇ ಅನ್ವಯ ಆಗುವುದಿಲ್ಲ. ನಾಲ್ಕು ಭರವಸೆಯ ಒಂದೇ ಪೊಟ್ಟಣ ಅಲ್ಲಿ ಕಷ್ಟ.

ನಾವು ಮೊದಲರ್ಧವನ್ನು ತುಂಡುತುಂಡಾಗಿ ಮಾಡುತ್ತಿದ್ದೇವೆ. ಮನುಷ್ಯರಿಗೆ ಕೊನೆಯ ಅಸ್ತ್ರಗಳಲ್ಲಿ ಒಂದಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ 2019ರ ಜುಲೈನಲ್ಲಿ ನಿಷೇಧಿಸಿತು. ಒಳ್ಳೆಯದೇ. ಆದರೆ ಕರುವಿಗೆ ಭೇದಿ ಬಂದಾಗ ಹತ್ತಿರದಲ್ಲಿ ವೈದ್ಯರಿಲ್ಲದೆ ಅಂಗಡಿಯಿಂದಲೇ ಆ್ಯಂಟಿಬಯಾಟಿಕ್ ತಂದು ಹಾಕುವ ರೈತನಿಗೆ ಪರ್ಯಾಯ ಏನು? ಕೆಚ್ಚಲು ಬಾವಿಗೆ ಇಂಜೆಕ್ಷನ್ ಆದ ಮೇಲೆ ಹಾಲನ್ನು ನಿಗದಿತ ದಿನಗಳವರೆಗೆ ಡೇರಿಗೆ ಹಾಕಬಾರದು ಅನ್ನುವ ನಿಯಮ ಪಾಲಿಸಿದರೆ ಆ ದಿನಗಳ ಬಟವಾಡೆ ಯಾರು ಕೊಡ್ತಾರೆ? (ಆ್ಯಂಟಿಬಯಾಟಿಕ್ ಉಳಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತದೆ. ಮನೆಯಲ್ಲೇ ಸಿಗುವ ಒಂದು ಸುಳಿವು ಇದು.) ಭೇದಿಯನ್ನೇ ತಗ್ಗಿಸುವ ಒಂದು ಒಳ್ಳೆಯ ಪ್ರೋಬಯಾಟಿಕ್ ನಿಜವಾಗಿ ಬೇಕಾಗಿರುವುದು ಇಲ್ಲಿ. ಅದಕ್ಕೇ ಕಳಪೆ ಪೊಟ್ಟಣಗಳ ಬಗ್ಗೆ ಸಿಟ್ಟು ಬರುತ್ತೆ. ಎರಡು ಸಲ ಮೋಸ ಹೋದ ರೈತ ಮೂರನೇ ಸಲ ಒಳ್ಳೆಯ ಸರಕನ್ನೂ ನಂಬುವುದಿಲ್ಲ, ಮತ್ತೆ ಆ್ಯಂಟಿಬಯಾಟಿಕ್‌ಗೇ ಮರಳುತ್ತಾನೆ.

ಮನೆಯ ಮಜ್ಜಿಗೆ ಸಾಲದಾ ಅಂತ ಕೇಳುವವರಿದ್ದಾರೆ. ಮಜ್ಜಿಗೆಯಲ್ಲಿ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಖಂಡಿತ ಇವೆ, ಆಮ್ಲವೂ ಇದೆ, ಮಿತವಾಗಿ ಕೊಟ್ಟರೆ ಹಾನಿ ಆಗುವ ಸಂಭವ ಕಡಿಮೆ. ಆದರೆ ಒಂದೊಂದು ಮನೆಯ ಹೆಪ್ಪಿನಲ್ಲಿ ಒಂದೊಂದು ಬಳಗ, ಯಾವುದು ಏನು ಮಾಡುತ್ತೆ ಅಂತ ಅಳೆದು ನೋಡಿಲ್ಲ. ವ್ಯಾಖ್ಯೆಯ ಪ್ರಕಾರ ಅದು ಪ್ರೋಬಯಾಟಿಕ್ ಅಲ್ಲ. ಹಾಗೆ ನೋಡಿದರೆ ಹೆಸರಿಲ್ಲದ ಪುಡಿಯೂ ಪ್ರೋಬಯಾಟಿಕ್ ಅಲ್ಲ. ಮಜ್ಜಿಗೆಗೆ ದುಡ್ಡು ಕೊಡಬೇಕಿಲ್ಲ ಅನ್ನೋದೇ ವ್ಯತ್ಯಾಸ.

ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕೆಎಂಎಫ್ ಸ್ವತಃ ಪಶು ಆಹಾರ ತಯಾರಿಸುತ್ತದೆ. ವಿಜಯಪುರ–ಬಾಗಲಕೋಟೆ ಹಾಲು ಒಕ್ಕೂಟದ ಕೆಳಗೆ ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಂಘಗಳಿವೆ, ಅವು ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ನಡೆಸಲೇಬೇಕು. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಯಾವಾಗ ಬರುತ್ತೆ ಅಂತ ಕೇಳುವ ಅದೇ ಸಭೆಯಲ್ಲಿ ಇದನ್ನೂ ಕೇಳಬಹುದು: ಸಂಘದ ಮೂಲಕ ಮಾರುವ ಯಾವುದೇ ಪೂರಕದ ಮೇಲೆ ತಳಿಯ ಹೆಸರು, ಅವಧಿ ಮುಗಿಯುವ ದಿನದ ಜೀವಂತ ಎಣಿಕೆ, ಇಡಬೇಕಾದ ತಾಪಮಾನ, ಕರುವಿಗೋ ಹಸುವಿಗೋ ಅನ್ನುವ ನಾಲ್ಕು ಸಾಲು ಕನ್ನಡದಲ್ಲಿ ಇಲ್ಲದಿದ್ದರೆ ಅದನ್ನು ತರಿಸಬಾರದು ಅಂತ ಠರಾವು. ಊರಿನ ಸಂಘದಲ್ಲಿ ನಿಮ್ಮ ಅಪ್ಪನದೋ ಅವ್ವನದೋ ಷೇರು ಇದ್ದರೆ, ಸಭೆಯ ನೋಟಿಸು ಮನೆಗೇ ಬರುತ್ತದೆ.